ಬಾಡಿಗೆ ಗಾಡಿ ಆರಿಸುವಾಗ ಹಿಂದಿನ ಸೀಟಿನಿಂದ ಶುರು ಮಾಡಿ

ವಿಜಯಪುರದಲ್ಲಿ ಬಾಡಿಗೆ ಗಾಡಿ ಕೇಳಿಕೊಂಡು ಬರುವವರ ಮೊದಲ ಮಾತು, "ಕಿಲೋಮೀಟರಿಗೆ ಎಷ್ಟ್ರಿ?" ಎರಡನೆಯದು, "ಏಸಿ ಅದ ಏನ್ರಿ?" ಮೂರನೆಯ ಮಾತು ಬರುವ ಹೊತ್ತಿಗೆ ಅಡ್ವಾನ್ಸ್ ಕೊಟ್ಟು ಆಗಿರುತ್ತದೆ. ಹಿಂದೆ ಯಾರು ಕೂಡುವವರು, ಎಷ್ಟು ಬ್ಯಾಗು, ಯಾವ ಹಾದಿ, ಇವು ಹೊರಡುವ ದಿನ ಬೆಳಿಗ್ಗೆ ಮನೆ ಮುಂದೆ ಗಾಡಿ ನಿಂತ ಮೇಲೆ ಹೊಳೆಯುವ ಪ್ರಶ್ನೆಗಳು.

ನಾನು ಬದಲಿ ಡ್ರೈವರ್. ಸ್ವಂತ ಗಾಡಿ ಇಲ್ಲ. ಟ್ರಾವೆಲ್ಸ್ ಮಾಲಕರು ಯಾವುದರ ಚಾವಿ ಕೈಗೆ ಕೊಡುತ್ತಾರೋ ಅದನ್ನು ಓಡಿಸುವುದು, ಸಂಜೆಗೆ ಬತ್ತಾ ಎಣಿಸಿಕೊಂಡು ಮನೆಗೆ ಹೋಗುವುದು. ಯಾವ ಕಂಪನಿಯ ಮೇಲೂ ಪ್ರೀತಿಯಿಲ್ಲ, ಸಿಟ್ಟೂ ಇಲ್ಲ. ಒಂದು ಮಾತನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ: ಮುಂದಿನ ಎರಡು ಸೀಟು ಎಲ್ಲ ಗಾಡಿಯಲ್ಲೂ ಚೆಂದವೇ ಇರುತ್ತವೆ. ಗಾಡಿಯ ನಿಜ ಗೊತ್ತಾಗುವುದು ಕೊನೆಯ ಸಾಲಿನಲ್ಲಿ ಮತ್ತು ಡಿಕ್ಕಿಯಲ್ಲಿ. ಆದರೆ ಗಾಡಿ ಬುಕ್ ಮಾಡುವ ಯಜಮಾನರು ಡ್ರೈವರ್ ಪಕ್ಕ ಕೂಡುತ್ತಾರೆ, ಸೊಸೆಯೂ ಮಕ್ಕಳೂ ಹಿಂದೆ ಕೂಡುತ್ತಾರೆ. ಅದಕ್ಕೇ ತಪ್ಪು ಗಾಡಿ ಮತ್ತೆ ಮತ್ತೆ ಬುಕ್ ಆಗುತ್ತದೆ.

ಡಿಸೈರೋ ಎಟಿಯೋಸೋ

ನಾಲ್ಕು ಜನರಿದ್ದರೆ ಸೆಡಾನ್, ಅಂದರೆ ಹಿಂದೆ ಬೇರೆ ಡಿಕ್ಕಿ ಚಾಚಿಕೊಂಡಿರುವ ಕಾರು, ಸಾಕು. ನಮ್ಮ ಕಡೆ ಸೆಡಾನ್ ಅಂದರೆ ಹತ್ತರಲ್ಲಿ ಏಳೆಂಟು ಸಲ ಮಾರುತಿ ಡಿಸೈರ್. ಓಡಿಸುವವನಿಗೆ ಇದರಷ್ಟು ಹಗುರದ ಗಾಡಿ ಇನ್ನೊಂದಿಲ್ಲ. ಸ್ಟೇರಿಂಗ್ ಒಂದೇ ಕೈಗೆ ತಿರುಗುತ್ತದೆ, ವಿಜಯಪುರದ ಗಾಂಧಿ ಚೌಕದ ಗದ್ದಲದಲ್ಲೂ ಕ್ಲಚ್ ಕಾಲು ನೋಯಿಸುವುದಿಲ್ಲ. 2017ರಿಂದ 2024ರವರೆಗೆ ಬಂದ ಮಾದರಿಯ ಡಿಕ್ಕಿ 378 ಲೀಟರ್. ಲೆಕ್ಕ ಬಿಟ್ಟು ಹೇಳುವುದಾದರೆ ಎರಡು ದೊಡ್ಡ ಸೂಟ್‌ಕೇಸು, ಮೇಲೆ ಒಂದೆರಡು ಕೈಚೀಲ. ರೊಟ್ಟಿ ಗಂಟಿಗೂ ಜಾಗ ಸಿಗುತ್ತದೆ.

ತೊಂದರೆ ಶುರುವಾಗುವುದು ಐದನೆಯವರು ಬಂದಾಗ. ಹಿಂದಿನ ಸೀಟಿನ ನಡುವೆ ಕೂತವರ ಕಾಲಿಗೆ ನೆಲದ ಉಬ್ಬು ಅಡ್ಡ ಬರುತ್ತದೆ. ಬಾಗಲಕೋಟೆ ಮುಟ್ಟುವವರೆಗೆ ನಕ್ಕೊಂತ ಇರುತ್ತಾರೆ, ಅಲ್ಲಿಂದ ಮುಂದೆ ಮಾತು ನಿಲ್ಲುತ್ತದೆ. ಐದು ಜನ, ತುಂಬಿದ ಡಿಕ್ಕಿ ಎರಡೂ ಸೇರಿದರೆ ಹಿಂಭಾಗ ಕುಸಿಯುತ್ತದೆ. ನೆಲದಿಂದ 163 ಮಿಲಿಮೀಟರ್ ಎತ್ತರದ ಗಾಡಿ ಇದು. ನಮ್ಮ ಹಳ್ಳಿಗಳ ಹಂಪುಗಳಿಗೆ ಅಳತೆ ಎಂಬುದೇ ಇಲ್ಲ, ಊರಿನವರ ಸಿಟ್ಟು ಎಷ್ಟೋ ಹಂಪು ಅಷ್ಟು ಎತ್ತರ. ಹೊಟ್ಟೆ ತಾಗುವ ಸದ್ದಿಗೆ ಸಿದ್ಧರಿರಬೇಕು.

ಮೊಣಕಾಲು ನೋವಿನವರಿದ್ದರೆ ಸೆಡಾನ್ ಬೇಡವೆಂದೇ ಹೇಳುತ್ತೇನೆ. ಸೀಟು ತಗ್ಗಿನಲ್ಲಿದೆ, ಕೂಡುವುದು ಸುಲಭ, ಏಳುವುದು ಕಷ್ಟ. ಮಿರಜ್ ಅಥವಾ ಸೊಲ್ಲಾಪುರದ ಆಸ್ಪತ್ರೆಯಿಂದ ಆಪರೇಷನ್ ಮಾಡಿಸಿಕೊಂಡು ಬರುವವರನ್ನು ಕರೆತರಲು ಒಂದಿಷ್ಟು ಹಣ ಉಳಿಸಲೆಂದು ಡಿಸೈರ್ ತರುತ್ತಾರೆ. ಆಮೇಲೆ ಆ ಹಿರಿಯರನ್ನು ಇಬ್ಬರು ಕಂಕುಳಲ್ಲಿ ಕೈ ಕೊಟ್ಟು ಎತ್ತಬೇಕು. ಏಳು ಸೀಟಿನ ಎರ್ಟಿಗಾದ ನಡುಸಾಲಿನ ಸೀಟು ಹೆಚ್ಚುಕಡಿಮೆ ಸೊಂಟದ ಮಟ್ಟಕ್ಕೆ ಬರುತ್ತದೆ, ಜನ ಇಬ್ಬರೇ ಇದ್ದರೂ ಆ ದಿನಕ್ಕೆ ಅದನ್ನೇ ತನ್ನಿ.

ಡಿಸೈರ್ ಡೀಸೆಲ್ ಬೇಕು ಎಂದು ಈಗಲೂ ಕೇಳುವವರಿದ್ದಾರೆ. 2020ರ ಏಪ್ರಿಲ್‌ನಲ್ಲಿ ಹೊಗೆ ಕಡಿಮೆ ಮಾಡುವ ಬಿಎಸ್-6 ನಿಯಮ ಬಂದಾಗ ಮಾರುತಿ ಡೀಸೆಲ್ ಎಂಜಿನ್ ನಿಲ್ಲಿಸಿತು. ಹಾಗಾಗಿ ಈಗ ಸಿಗುವ ಡೀಸೆಲ್ ಡಿಸೈರ್ ಯಾವುದಾದರೂ ಅಷ್ಟು ಹಳೆಯದೇ. ಅದರ 1.3 ಲೀಟರ್ ಎಂಜಿನ್ 2000 ಆರ್‌ಪಿಎಂ ದಾಟಿದ ಮೇಲೆ ಎದ್ದು ನಿಲ್ಲುತ್ತಿತ್ತು, ಕೆಳಗೆ ಮಾತ್ರ ನಿದ್ದೆ. ಹೈವೇಯಲ್ಲಿ ಅದನ್ನು ಓಡಿಸುವ ಸುಖವೇ ಬೇರೆ. ಆದರೆ ಬಾಡಿಗೆಗೆ ದುಡಿದು ದುಡಿದು ಸವೆದ ಗಾಡಿಯಲ್ಲಿ ಆ ಸುಖ ಹುಡುಕಬೇಡಿ.

ಇನ್ನೊಂದು ವಿಷಯ ಗಿರಾಕಿಗಳಿಗೆ ಗೊತ್ತಿರುವುದಿಲ್ಲ. ಟ್ಯಾಕ್ಸಿಗೆಂದೇ ಬರುವ ಡಿಸೈರ್ ಟೂರ್ ಗಾಡಿಗೆ ಕಂಪನಿಯಿಂದಲೇ 80ರ ಸ್ಪೀಡ್ ಲಿಮಿಟರ್ ಇರುತ್ತದೆ. "ಯಾಕ್ ತಮ್ಮಾ, ನಿದ್ದಿ ಬಂತೇನ?" ಎಂದು ಹಿಂದಿನಿಂದ ಕೇಳುತ್ತಾರೆ. ನಾನು ಕಾಲು ಪೂರ್ತಿ ಒತ್ತಿಯೇ ಇರುತ್ತೇನೆ, ಗಾಡಿ 80ರಲ್ಲೇ ಇರುತ್ತದೆ. ಇದು ತಮಾಷೆಯ ವಿಷಯವಲ್ಲ. ನಾಲ್ಕು ಪಥದ ರಸ್ತೆಯಲ್ಲಿ ಚಿಂತೆಯಿಲ್ಲ. ಜಮಖಂಡಿ, ಮುಧೋಳದ ಕಡೆಯ ಎರಡು ಪಥದ ರಸ್ತೆಯಲ್ಲಿ 65ರಲ್ಲಿ ಹೋಗುವ ಲಾರಿಯನ್ನು 80ರ ಮಿತಿಯೊಳಗೆ ದಾಟಬೇಕೆಂದರೆ ಬಹಳ ಉದ್ದದ ಖಾಲಿ ರಸ್ತೆ ಬೇಕು. ಅಂಥ ಗಾಡಿ ಬಂದರೆ ಡ್ರೈವರ್‌ಗೆ ಅವಸರ ಮಾಡಬೇಡಿ, ಅರ್ಧ ತಾಸು ಮೊದಲೇ ಮನೆ ಬಿಡಿ.

ಟೊಯೋಟಾದ ಎಟಿಯೋಸ್ ನನಗೆ ಹೆಚ್ಚು ಇಷ್ಟವಾದ ಬಾಡಿಗೆ ಸೆಡಾನ್. 2010ರಲ್ಲಿ ಬಂತು, 2020ರಲ್ಲಿ ನಿಂತಿತು. ನೋಡಲು ಸಪ್ಪೆ, ಒಳಗೆ ಪ್ಲಾಸ್ಟಿಕ್ ಇನ್ನೂ ಸಪ್ಪೆ. ಆದರೆ ಹಿಂದಿನ ನೆಲ ಸಪಾಟು, ನಡುವೆ ಕೂತವರೂ ಮನುಷ್ಯರಂತೆ ಕೂಡಬಹುದು. ಡಿಕ್ಕಿ 590 ಲೀಟರ್ ಆಸುಪಾಸು, ಡಿಸೈರಿನ ಒಂದೂವರೆ ಪಟ್ಟು. ಮದುವೆ ಜವಳಿಗೆ ಇಳಕಲ್‌ಗೆ ಹೋಗಿ ಗಂಟುಗಟ್ಟಲೆ ಸೀರೆ ತರುವವರಿಗೆ ಇದಕ್ಕಿಂತ ಒಳ್ಳೆಯ ಗಾಡಿ ತೋರಿಸಲಾರೆ. ಮೀಟರು ಡ್ಯಾಶ್‌ಬೋರ್ಡಿನ ನಟ್ಟನಡುವೆ ಇದೆ, ಹಿಂದೆ ಕೂತ ಅಜ್ಜಿಗೂ ಸ್ಪೀಡ್ ಕಾಣುತ್ತದೆ. ಡ್ರೈವರ್‌ಗೆ ಅದೊಂದೇ ಕಿರಿಕಿರಿ. ಈಗ ಉಳಿದಿರುವವೆಲ್ಲ ವಯಸ್ಸಾದ ಗಾಡಿಗಳು, ಆದ್ದರಿಂದ ಕಣ್ಣಾರೆ ನೋಡಿಯೇ ಒಪ್ಪಿಕೊಳ್ಳಬೇಕು.

ಹುಂಡೈನ ಸೆಡಾನ್ ಔರಾ ಸಿಕ್ಕರೆ ತೆಗೆದುಕೊಳ್ಳಿ, ಏಸಿ ಬೇಗ ತಂಪಾಗುತ್ತದೆ. ಉಳಿದಂತೆ ಡಿಸೈರಿಗೆ ಹೇಳಿದ್ದೇ ಇದಕ್ಕೂ.

ಗ್ಯಾಸ್ ಗಾಡಿಯ ಡಿಕ್ಕಿ

ಸಿಎನ್‌ಜಿ ಗಾಡಿ ಬಂದ ಮೇಲೆ ರೇಟು ಸ್ವಲ್ಪ ಇಳಿದದ್ದು ನಿಜ. ಬುಕ್ ಮಾಡುವಾಗ "ಗ್ಯಾಸ್ ಗಾಡಿನೋ ಪೆಟ್ರೋಲ್ ಗಾಡಿನೋ" ಎಂದು ಕೇಳಲೇಬೇಕು, ಏಕೆಂದರೆ ಮಾಲಕರು ತಾವಾಗಿ ಹೇಳುವುದಿಲ್ಲ. ಡಿಸೈರಿನ ಸಿಎನ್‌ಜಿ ಸಿಲಿಂಡರು ಡಿಕ್ಕಿಯಲ್ಲೇ ಮಲಗಿರುತ್ತದೆ. ಹೊರಗಿನಿಂದ ಅದೇ ಡಿಸೈರ್. ಡಿಕ್ಕಿ ತೆಗೆದಾಗ ಎರಡು ಚೀಲಕ್ಕೆ ಜಾಗ. ಟಾಟಾದವರು 2023ರಿಂದ ಒಂದು ದೊಡ್ಡದರ ಬದಲು ಎರಡು ಸಣ್ಣ ಸಿಲಿಂಡರುಗಳನ್ನು ನೆಲದ ಮಟ್ಟಕ್ಕೆ ಇಟ್ಟು ಮೇಲೆ ಹಲಗೆ ಹಾಕುತ್ತಿದ್ದಾರೆ, ಅವರ ಗ್ಯಾಸ್ ಗಾಡಿಯಲ್ಲಿ ಬ್ಯಾಗು ಇಡಬಹುದು. ಗ್ಯಾಸ್ ತುಂಬಿಸುವಾಗ ಎಲ್ಲರೂ ಕೆಳಗೆ ಇಳಿಯಬೇಕು. ಮಲಗಿದ ಮಗು, ಕೈಲಾಗದ ಹಿರಿಯರು ಇದ್ದರೆ ಮೇ ತಿಂಗಳ ಮಧ್ಯಾಹ್ನದ ಪಾಳಿಯಲ್ಲಿ ಅದು ದೊಡ್ಡ ಕೆಲಸವೇ. ಘಾಟಿ ಏರುವಾಗ ಗ್ಯಾಸಿನಲ್ಲಿ ಎಳೆತ ಕಡಿಮೆ, ನಾನಂತೂ ಬುಡದಲ್ಲೇ ಸ್ವಿಚ್ ಒತ್ತಿ ಪೆಟ್ರೋಲಿಗೆ ಬರುತ್ತೇನೆ. ಆ ಪೆಟ್ರೋಲಿನ ಹಣ ಯಾರದು ಎಂಬ ಜಗಳ ಮಾಲಕರ ಜೊತೆ ಆಮೇಲೆ.

ವಿಜಯಪುರದಿಂದ ಸೊಲ್ಲಾಪುರ, ಪಂಢರಪುರದಂಥ ಸಪಾಟು ಹಾದಿಗೆ, ಬೆಳಿಗ್ಗೆ ಹೋಗಿ ಸಂಜೆ ಬರುವ ಮೂವರಿಗೆ ಗ್ಯಾಸ್ ಗಾಡಿ ಸರಿಯಾದ ಆಯ್ಕೆ.

ಎರ್ಟಿಗಾ ಮತ್ತು ಕ್ರಿಸ್ಟಾ

ನಿಜವಾದ ಗೊಂದಲ ಇರುವುದು ಇಲ್ಲಿ. ಆರೇಳು ಜನ, ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಬೇಕು, ಇಲ್ಲವೇ ಗೋವಾಕ್ಕೆ ಹೋಗಬೇಕು. ಎರ್ಟಿಗಾಕ್ಕೆ ಇಷ್ಟು, ಇನ್ನೋವಾ ಕ್ರಿಸ್ಟಾಕ್ಕೆ ಕಿಲೋಮೀಟರಿಗೆ ಹಲವು ರೂಪಾಯಿ ಹೆಚ್ಚು. "ಎರಡಕ್ಕೂ ಏಳು ಸೀಟ್ ಅವ, ಹೆಚ್ಚಿಗಿ ಯಾಕ ಕೊಡಬೇಕು?" ಪ್ರಶ್ನೆ ನ್ಯಾಯವಾದದ್ದೇ.

ಎರ್ಟಿಗಾದ ಏಳೂ ಸೀಟು ಎಬ್ಬಿಸಿದಾಗ ಡಿಕ್ಕಿಗೆ ಉಳಿಯುವುದು 209 ಲೀಟರ್. ಏಳು ಜನರ ಎರಡು ದಿನದ ಬಟ್ಟೆ ಅಲ್ಲಿ ಹಿಡಿಸುವುದಿಲ್ಲ. ಒಂದೋ ಬ್ಯಾಗುಗಳು ಕಾಲಡಿಗೆ ಬರುತ್ತವೆ, ಇಲ್ಲವೇ ಮೇಲೆ ಕ್ಯಾರಿಯರ್ ಕಟ್ಟಬೇಕು. ಕೊನೆಯ ಸೀಟು ಮಡಚಿದರೆ ಡಿಕ್ಕಿ 550 ಲೀಟರಿಗೆ ಏರುತ್ತದೆ, ಆಗ ಜನ ಐದೇ. ಅಂದರೆ ಎರ್ಟಿಗಾ ನಿಜವಾಗಿ ಐದು ಜನರಿಗೆ ಸಾಮಾನಿನ ಸಮೇತ ಭೂಷಣದ ಗಾಡಿ, ಏಳು ಜನರಿಗೆ ಸಾಮಾನಿಲ್ಲದ ಗಾಡಿ. ಇದಿಷ್ಟು ತಿಳಿದುಕೊಂಡರೆ ಅರ್ಧ ಗೊಂದಲ ಮುಗಿಯಿತು.

ಕೊನೆಯ ಸಾಲಿನ ಸೆಖೆ ಬೇರೆ. 2025ಕ್ಕಿಂತ ಮೊದಲಿನ ಎರ್ಟಿಗಾಗಳಲ್ಲಿ ಚಾವಣಿಯ ಏಸಿ ಗಾಳಿ ಬಿಡುವ ಜಾಗ ನಡುಸಾಲಿನ ಮೇಲಿದೆ. ಹಿಂದಿನವರಿಗೆ ಸಿಗುವುದು ಉಳಿದ ಗಾಳಿ. ಡಿಸೆಂಬರ್‌ನಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿದಾಗ, ಐಹೊಳೆಯ ದುರ್ಗ ಗುಡಿಯ ಮುಂದೆ ಒಂದು ತಾಸು ಒಣಗಿ ನಿಂತ ಗಾಡಿಗೆ ಮರಳಿ ಹತ್ತಿದಾಗ, ಮುಂದಿನವರು "ಏಸಿ ಕಡಿಮಿ ಮಾಡ್ರಿ, ಥಂಡಿ ಆಗ್ತದ" ಅನ್ನುತ್ತಾರೆ, ಹಿಂದಿನವರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾರೆ. ನಾನು ಹಿಂದಿನವರ ಮಾತು ಕೇಳುತ್ತೇನೆ.

ಇಷ್ಟು ಹೇಳಿದ ಮೇಲೆ ಎರ್ಟಿಗಾದ ಗುಣವನ್ನೂ ಹೇಳಬೇಕು. 1.5 ಲೀಟರ್ ಪೆಟ್ರೋಲ್ ಎಂಜಿನ್ ಸದ್ದಿಲ್ಲದೆ ಓಡುತ್ತದೆ. ಗಾಡಿ ಕಾರಿನಂತೆಯೇ ತಿರುಗುತ್ತದೆ. ಬಾದಾಮಿ ಊರೊಳಗೆ ಅಗಸ್ತ್ಯ ಕೆರೆಯ ಕಡೆ ಹೋಗುವ ಓಣಿಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಎದುರಿಗೆ ಒಂದು ಆಟೋ ಬಂದರೆ ಎರ್ಟಿಗಾ ಹೇಗೋ ಸರಿದುಕೊಳ್ಳುತ್ತದೆ, ಕ್ರಿಸ್ಟಾದಲ್ಲಿ ಇಳಿದು ಹಿಂದೆ ನೋಡಿ ಬರಬೇಕು.

ಕ್ರಿಸ್ಟಾ 2016ರಲ್ಲಿ ಬಂತು, ಅದರ ಅಪ್ಪ ಇನ್ನೋವಾ 2005ರಲ್ಲಿ. 2.4 ಲೀಟರ್ ಡೀಸೆಲ್, ಹಿಂದಿನ ಚಕ್ರಕ್ಕೆ ಎಳೆತ. ಏಳು ಜನರನ್ನು ತುಂಬಿಕೊಂಡು ಏಸಿ ಹಾಕಿ ಗೋವಾ ಹಾದಿಯ ಚೋರ್ಲಾ ಘಾಟಿ ಏರಿದರೂ ಎಂಜಿನ್‌ಗೆ ದಣಿವಿಲ್ಲ. ಎರಡನೇ ಸಾಲಿಗೂ ಮೂರನೇ ಸಾಲಿಗೂ ಚಾವಣಿಯಿಂದ ಬೇರೆ ಬೇರೆ ಗಾಳಿ ಬರುತ್ತದೆ. ಕೊನೆಯ ಸಾಲಿನಲ್ಲಿ ದೊಡ್ಡವರು ಕೂತು ಬೆಳಗಾವಿಯವರೆಗಿನ 200 ಕಿಲೋಮೀಟರ್ ಚಿಲ್ಲರೆ ಹಾದಿ ಮುಗಿಸಬಲ್ಲರು. ಏಳು ಸೀಟಿನದರಲ್ಲಿ ನಡುಸಾಲಿಗೆ ಎರಡು ಬಿಡಿ ಕುರ್ಚಿ, ಎಂಟು ಸೀಟಿನದರಲ್ಲಿ ಉದ್ದ ಸೀಟು. ವಯಸ್ಸಾದವರಿದ್ದರೆ ಬಿಡಿ ಕುರ್ಚಿಯದ್ದನ್ನೇ ಕೇಳಿ.

ಡ್ರೈವರ್‌ಗೆ ಅದು ಅಷ್ಟು ಹಗುರವಲ್ಲ. ನಿಧಾನಕ್ಕೆ ತಿರುಗಿಸುವಾಗ ಸ್ಟೇರಿಂಗ್ ಭಾರ, ಸಂತೆಯ ಗದ್ದಲದಲ್ಲಿ ತೋಳು ನೋಯುತ್ತದೆ. ಕೆಟ್ಟ ರಸ್ತೆಯಲ್ಲಿ ವೇಗ ತೀರ ಕಡಿಮೆಯಾದರೆ ಕೊನೆಯ ಸಾಲು ಪುಟಿಯುತ್ತದೆ. ಹಳೆಯ ಇನ್ನೋವಾ ಈ ವಿಷಯದಲ್ಲಿ ಇನ್ನೂ ಮೆತ್ತಗಿತ್ತು ಎಂಬುದು ನನ್ನ ಅಭಿಪ್ರಾಯ, ಬೇರೆ ಡ್ರೈವರುಗಳು ಒಪ್ಪಲಿಕ್ಕಿಲ್ಲ. 2022ರ ಕೊನೆಗೆ ಬಂದ ಹೈಕ್ರಾಸ್ ಹೆಸರಿಗೆ ಇನ್ನೋವಾ ಆದರೂ ಗಾಡಿಯೇ ಬೇರೆ. ಪೆಟ್ರೋಲ್ ಎಂಜಿನ್, ಮುಂದಿನ ಚಕ್ರಕ್ಕೆ ಎಳೆತ, ಒಳಗೆ ಸದ್ದು ಕಡಿಮೆ. "ಇನ್ನೋವಾ ಕಳಸ್ತೀನ್ರಿ" ಎಂದರೆ ಮೂರರಲ್ಲಿ ಯಾವುದು ಎಂದು ಕೇಳಿಕೊಳ್ಳಿ, ರೇಟಿನಲ್ಲಿ ವ್ಯತ್ಯಾಸವಿದೆ.

ನನ್ನ ತೀರ್ಮಾನ ಹೀಗೆ. ಬಾದಾಮಿ ಸುತ್ತಾಟ ಒಂದೇ ದಿನದ್ದು, ಬ್ಯಾಗಿಲ್ಲ, ಕೊನೆಯ ಸಾಲಿಗೆ ಇಬ್ಬರು ಮಕ್ಕಳು: ಎರ್ಟಿಗಾ. ಏಳೂ ಜನ ದೊಡ್ಡವರು, ರಾತ್ರಿ ವಸತಿ ಇದೆ: ಕ್ರಿಸ್ಟಾ, ಚೌಕಾಸಿ ಮಾಡದೆ. ಗೋವಾಕ್ಕೆ ಬೆಳಗಾವಿ, ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಇಳಿಯುವುದಾದರೆ ಇನ್ನೊಂದು ಮಾತು. ಆ ತಿರುವುಗಳಲ್ಲಿ ಕೊನೆಯ ಸಾಲಿನವರಿಗೆ ವಾಂತಿ ಬರುವುದು ಯಾವ ಗಾಡಿಯಲ್ಲೂ ತಪ್ಪಿದ್ದಲ್ಲ. ಹೊಟ್ಟೆ ತೊಳಸುವ ಸ್ವಭಾವದವರನ್ನು ಮುಂದೆ ಕೂಡಿಸಿ, ಯಜಮಾನರು ಅದೊಂದು ದಿನ ಹಿಂದೆ ಹೋಗಲಿ.

ಬೊಲೆರೋ, ಟ್ರಾವೆಲರ್

ಬೊಲೆರೋವನ್ನು ಪ್ರವಾಸಕ್ಕೆ ಕೇಳಿದರೆ ಬೇಡ ಅನ್ನುತ್ತೇನೆ, ಹೊಲದ ಮನೆಗೆ ಕೇಳಿದರೆ ಬೇರೆ ಗಾಡಿಯ ಹೆಸರೇ ಎತ್ತುವುದಿಲ್ಲ. ಹಿಂದೆ ಲಾರಿಯ ಹಾಗೆ ಪಾಟಾ, ಅಂದರೆ ಕಬ್ಬಿಣದ ಪಟ್ಟಿಗಳ ಸ್ಪ್ರಿಂಗ್, ಇದೆ, ಖಾಲಿ ಗಾಡಿ ಕುಣಿಯುತ್ತದೆ, ತುಂಬಿದ ಗಾಡಿ ತೆಪ್ಪಗೆ ಹೋಗುತ್ತದೆ. ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡಾಗ ಸೆಡಾನ್ ನಿಂತಲ್ಲೇ ಗರಗರ ತಿರುಗುತ್ತದೆ. ಬೊಲೆರೋ ಹಿಂದಿನ ಚಕ್ರದಿಂದ ನೂಕಿಕೊಂಡು ಬಹುತೇಕ ಹೊರಬರುತ್ತದೆ. ಆದರೆ ಕೊನೆಗೆ ಇರುವುದು ಎದುರುಬದುರಿನ ಅಡ್ಡ ಸೀಟು. ಬ್ರೇಕ್ ಹಾಕಿದರೆ ಅಲ್ಲಿ ಕೂತವರು ಪಕ್ಕಕ್ಕೆ ಜಾರುತ್ತಾರೆ. ಮಕ್ಕಳನ್ನು ಅಲ್ಲಿ ಕೂಡಿಸಿ ಹೈವೇಗೆ ಹೋಗಬೇಡಿ.

ಹತ್ತು ಹನ್ನೆರಡು ಜನರಾದಾಗ ಎರಡು ಎರ್ಟಿಗಾ ತರುವುದೋ ಒಂದು ಟೆಂಪೋ ಟ್ರಾವೆಲರ್ ತರುವುದೋ? ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ, ಕೂಡಲಸಂಗಮಕ್ಕೆ ಟ್ರಾವೆಲರೇ ಸರಿ; ಎಲ್ಲರೂ ಒಂದೇ ಕಡೆ, ಅಡುಗೆ ಪಾತ್ರೆಗಳೂ ಜೊತೆಗೆ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಎರಡು ಗಾಡಿ ಒಂದನ್ನೊಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.

ತಾವೇ ಓಡಿಸುವವರಿಗೆ

ಡ್ರೈವರ್ ಬೇಡ, ನಾವೇ ಓಡಿಸುತ್ತೇವೆ ಎನ್ನುವ ಹುಡುಗರು ಹೆಚ್ಚಾಗಿದ್ದಾರೆ. ನನ್ನ ಹೊಟ್ಟೆಯ ಮೇಲೆ ಹೊಡೆಯುವ ಮಾತಾದರೂ ಹೇಳುತ್ತೇನೆ: ಇಬ್ಬರಿಗೆ, ಮೂವರಿಗೆ ಸಣ್ಣ ಗಾಡಿ ಸಾಕು, ಸ್ವಿಫ್ಟ್ ಅಥವಾ ಟಿಯಾಗೋ. ಟಿಯಾಗೋ ರಸ್ತೆಗೆ ಅಂಟಿಕೊಂಡು ಹೋಗುತ್ತದೆ, ಸ್ವಿಫ್ಟ್ ಚುರುಕು. ಕ್ಲಚ್ ಇಲ್ಲದ ಎಎಂಟಿ ಗೇರಿನ ಗಾಡಿಯನ್ನು ಘಾಟಿಗೆ ಒಯ್ಯುವುದಾದರೆ ಮೊದಲು ಮ್ಯಾನುವಲ್ ಮೋಡ್ ಕಲಿಯಿರಿ. ಏರಿನಲ್ಲಿ ಅದು ಗೇರ್ ಬದಲಿಸುವಾಗ ಒಂದು ಕ್ಷಣ ಯೋಚನೆಗೆ ಬೀಳುತ್ತದೆ, ಆ ಕ್ಷಣದಲ್ಲಿ ಗಾಡಿ ಹಿಂದೆ ಸರಿಯಬಹುದು, ಹ್ಯಾಂಡ್‌ಬ್ರೇಕ್ ಕೈಗೆ ಹತ್ತಿರವಿರಲಿ. ಗೋವಾದಲ್ಲಿ ಥಾರ್ ಬಾಡಿಗೆಗೆ ತೆಗೆದುಕೊಳ್ಳುವುದು ಫೋಟೋಕ್ಕೆ ಚೆಂದ. ಮೂರು ಬಾಗಿಲಿನ ಥಾರಿನಲ್ಲಿ ಹಿಂದೆ ಕೂಡುವವರು ಇಬ್ಬರೇ, ಬ್ಯಾಗು ಅವರ ತೊಡೆಯ ಮೇಲೆ.

ಗಾಡಿಗಿಂತ ಮೊದಲು ನಂಬರ್ ಪ್ಲೇಟ್ ನೋಡಿ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ತಾವೇ ಓಡಿಸಲು ಬಾಡಿಗೆಗೆ ಕೊಡುವ ಗಾಡಿ. ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಟ್ಯಾಕ್ಸಿ. ಬಿಳಿ ಪ್ಲೇಟು ಸ್ವಂತಕ್ಕೆ. ಬಿಳಿ ಪ್ಲೇಟಿನ ಗಾಡಿಯನ್ನು ಅಗ್ಗಕ್ಕೆ ಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಅಪಘಾತವಾದರೆ ಬಾಡಿಗೆಗೆ ಓಡಿತ್ತು ಎಂಬ ಕಾರಣಕ್ಕೆ ಇನ್ಶೂರೆನ್ಸ್ ಕ್ಲೇಮ್ ತಿರಸ್ಕಾರವಾಗಬಹುದು, ಆಗ ಅಗ್ಗ ಎಲ್ಲಿಯದು? ಚಾವಿ ಪಡೆಯುವ ಮೊದಲು ಗಾಡಿಯ ಸುತ್ತ ಒಂದು ವಿಡಿಯೋ ಮಾಡಿ, ಬಂಪರಿನ ಕೆಳಭಾಗ ಮತ್ತು ನಾಲ್ಕು ಚಕ್ರದ ರಿಮ್ಮು ಸೇರಿಸಿ. ಮರಳಿ ಕೊಡುವಾಗ ಜಗಳ ಹತ್ತುವುದು ಈ ಎರಡು ಕಡೆಯೇ.

ರೇಟಿನ ಲೆಕ್ಕ

ಕಿಲೋಮೀಟರ್ ರೇಟಿಗಿಂತ ಮಿನಿಮಮ್ ಮುಖ್ಯ. ಹೊರಊರಿನ ಬಾಡಿಗೆಗೆ ದಿನಕ್ಕೆ 250 ಅಥವಾ 300 ಕಿಲೋಮೀಟರಿನ ಮಿನಿಮಮ್ ಹಾಕುತ್ತಾರೆ. ವಿಜಯಪುರದಿಂದ ಕೊಲ್ಹಾರದ ಸೇತುವೆ ದಾಟಿ ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಿ ನಿಡಗುಂದಿ ಮೇಲೆ ಮರಳಿದರೆ 300ರ ಹತ್ತಿರ ಆಗುತ್ತದೆ, ಕೊಟ್ಟ ಹಣ ಪೂರ್ತಿ ಓಡಿತು. ಸೊಲ್ಲಾಪುರಕ್ಕೆ ಹೋಗಿಬಂದರೆ ಸುಮಾರು 200. ಮಿನಿಮಮ್ 300 ಇದ್ದರೆ ಉಳಿದ 100 ಕಿಲೋಮೀಟರಿನ ಹಣ ಓಡದೆಯೇ ಕೊಟ್ಟಂತೆ. ಅಂಥ ಹಾದಿಗೆ ಕಿಲೋಮೀಟರ್ ಲೆಕ್ಕ ಬಿಟ್ಟು ಒಟ್ಟು ಇಷ್ಟು ಎಂದು ಮಾತಾಡಿ. ಮೀಟರ್ ಎಣಿಕೆ ನಿಮ್ಮ ಮನೆಯಿಂದಲೋ ಮಾಲಕರ ಶೆಡ್ಡಿನಿಂದಲೋ, ಡ್ರೈವರ್ ಬತ್ತಾ ಅದರಲ್ಲೇ ಬಂತೋ, ರಾತ್ರಿ ಹತ್ತರ ಮೇಲೆ ಬೇರೆ ಬತ್ತಾವೋ, ಟೋಲ್ ಯಾರದು, ಮಹಾರಾಷ್ಟ್ರ ಗೋವಾಕ್ಕೆ ಪರ್ಮಿಟ್ ಇದೆಯೋ, ಇವಿಷ್ಟನ್ನೂ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಮಹಾರಾಷ್ಟ್ರ ಗಡಿಯ ಕೊಗನೊಳ್ಳಿ ಟೋಲಿನ ಹತ್ತಿರ ಗಾಡಿ ನಿಲ್ಲಿಸಿಕೊಂಡು ಮಾಲಕರಿಗೆ ಫೋನು ಹಚ್ಚುವವರ ಪಾಡು ನೋಡಲಾಗದು.

ಗಾಡಿ ಮನೆಗೆ ಬಂದಾಗ

ಮಾದರಿ ಯಾವುದೇ ಇರಲಿ, ಕೈಗೆ ಬಂದ ಗಾಡಿಯ ಸ್ಥಿತಿ ಬೇರೆಯೇ ಕಥೆ. ಚೆನ್ನಾಗಿ ಇಟ್ಟ ಹಳೆಯ ಎಟಿಯೋಸ್ ಮುಂದೆ ಸರ್ವಿಸ್ ಕಾಣದ ಎರಡು ವರ್ಷದ ಎರ್ಟಿಗಾ ಏನೂ ಅಲ್ಲ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 3222 ಅಂದರೆ 2022ನೇ ಇಸವಿಯ 32ನೇ ವಾರ ತಯಾರಾದದ್ದು. ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಕಾನೂನಿನ ಪ್ರಕಾರವೇ ಆ ಟೈರು ಓಡುವಂತಿಲ್ಲ. ಸ್ಟೆಪ್ನಿಗೆ ಗಾಳಿ ಇದೆಯೇ, ಜಾಕ್ ಇದೆಯೇ ನೋಡಿ. ಗಾಡಿ ನಿಂತಲ್ಲೇ ಐದು ನಿಮಿಷ ಏಸಿ ಹಾಕಿ ಕೊನೆಯ ಸಾಲಿನಲ್ಲಿ ಕೂತು ನೋಡಿ. ಓಡುವಾಗ ತಂಪಾಗಿ, ನಿಂತಾಗ ಬಿಸಿಗಾಳಿ ಬಿಡುವ ಗಾಡಿಗಳು ಬಹಳ.

ಹೆಡ್‌ಲೈಟನ್ನು ಮಾತ್ರ ಯಾರೂ ನೋಡುವುದಿಲ್ಲ, ಏಕೆಂದರೆ ಹೊರಡುವುದು ಬೆಳಿಗ್ಗೆ. ಸಕ್ಕರೆ ಕಾರ್ಖಾನೆಗಳು ಶುರುವಾದ ಮೇಲೆ ಬಾಗಲಕೋಟೆ, ಬೆಳಗಾವಿ ಜಿಲ್ಲೆಯ ರಸ್ತೆಗಳಲ್ಲಿ ರಾತ್ರಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ಓಡುತ್ತವೆ. ಎಷ್ಟೋ ಟ್ರೇಲರುಗಳಿಗೆ ಹಿಂದೆ ಲೈಟೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಇದ್ದರೂ ಜೋತುಬಿದ್ದ ಕಬ್ಬಿನ ಸೋಗೆ ಮುಚ್ಚಿರುತ್ತದೆ. ಹಳೆಯ ಬಾಡಿಗೆ ಗಾಡಿಗಳ ಲೈಟಿನ ಗಾಜು ಹಳದಿಗಟ್ಟಿ ಬೆಳಕು ಅರ್ಧಕ್ಕೆ ಇಳಿದಿರುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕತ್ತಲಾದ ಮೇಲೆ ಮರಳುವ ಬಾಡಿಗೆ ಇದ್ದರೆ ಹಿಂದಿನ ಸಂಜೆಯೇ ಶೆಡ್ಡಿಗೆ ಹೋಗಿ ಲೈಟ್ ಹಚ್ಚಿಸಿ ಗೋಡೆಯ ಮೇಲೆ ನೋಡಿ. ಮಂಕಾಗಿದ್ದರೆ ಗಾಜು ಪಾಲಿಶ್ ಮಾಡಿಸಲು, ಬಲ್ಬ್ ಬದಲಿಸಲು ಹೇಳಿ. ಗ್ಯಾರೇಜಿನಲ್ಲಿ ಅದು ಒಂದು ತಾಸಿನ ಕೆಲಸ, ಮಾಲಕರು ಇಲ್ಲ ಅನ್ನುವುದಿಲ್ಲ. ಇಲ್ಲ ಅಂದರೆ ಬೇರೆ ಟ್ರಾವೆಲ್ಸ್ ನೋಡಿಕೊಳ್ಳಿ.